ಬಣ್ಣದ ಬದುಕನ್ನು ಓದುವುದು ಹೇಗೆ? ನಾಟಕ, ಸಿನಿಮಾ, ಟಿ.ವಿ. ವೃತ್ತಿಗಳ ಬಗ್ಗೆ ಒಂದು ಪಾಠ



ಪ್ರಥಮ ಪಿಯುಸಿ ತರಗತಿಗಳು ಶುರುವಾದ ಮೇಲೆ ನಮ್ಮ ಕಾಲೇಜಿನಲ್ಲಿ ಎಲ್ಲರಿಂದಲೂ ಒಂದು ಮಾಹಿತಿ ಪತ್ರ ತುಂಬಿಸುತ್ತೇವೆ. ‘ಮುಂದೆ ಏನಾಗಬೇಕೆಂದಿದ್ದೀರಿ?’ ಎಂಬುದು ಅದರ ಕೊನೆಯ ಪ್ರಶ್ನೆ. ಡಾಕ್ಟರ್, ಎಂಜಿನಿಯರ್, ಸಿ.ಎ., ಶಿಕ್ಷಕಿ, ಪೊಲೀಸ್ ಎಂಬ ಉತ್ತರಗಳ ನಡುವೆ ಈಚಿನ ವರ್ಷಗಳಲ್ಲಿ ‘ನಟ’, ‘ಡೈರೆಕ್ಟರ್’, ‘ಕ್ಯಾಮೆರಾಮನ್’, ‘ಎಡಿಟರ್’ ಎಂಬ ಉತ್ತರಗಳೂ ಬರುತ್ತಿವೆ. ಪೋಷಕರ ಸಭೆಯಲ್ಲಿ ಅದೇ ಮಕ್ಕಳ ತಂದೆ ತಾಯಿ ನನ್ನ ಬಳಿ ಬಂದು, ‘ಸರ್, ಅದೆಲ್ಲ ನಮ್ಮಂಥವರಿಗಲ್ಲ ಅಂತ ನೀವೇ ಒಂದು ಮಾತು ಹೇಳಿ’ ಎನ್ನುತ್ತಾರೆ.

ಕನ್ನಡ ಪಾಠ ಮಾಡುವುದರ ಜೊತೆಗೆ ವೃತ್ತಿ ಮಾರ್ಗದರ್ಶನದ ಹೊಣೆಯೂ ನನ್ನ ಮೇಲಿರುವುದರಿಂದ ಎರಡೂ ಕಡೆಯ ಮಾತು ಕೇಳುತ್ತಿರುತ್ತೇನೆ. ನನಗೆ ಕಾಣುವುದು ಇಷ್ಟು: ಆಸೆ ಪಡುವ ಮಕ್ಕಳಿಗೂ ಹೆದರುವ ಹಿರಿಯರಿಗೂ ಗೊತ್ತಿರುವುದು ಪೋಸ್ಟರಿನ ಮೇಲಿನ ಒಂದೆರಡು ಮುಖಗಳು ಮಾತ್ರ. ಆ ಮುಖಗಳ ಹಿಂದಿನ ಇಪ್ಪತ್ತು ವರ್ಷವನ್ನು ಯಾರೂ ಓದಿಲ್ಲ. ಓದದೆ ಹೂಂ ಅನ್ನುವುದೂ ತಪ್ಪು, ಉಹೂಂ ಅನ್ನುವುದೂ ತಪ್ಪು. ಆದ್ದರಿಂದ ಈ ಸಂಚಿಕೆಯಲ್ಲಿ ಒಂದು ಪಾಠವನ್ನೇ ಮಾಡೋಣ. ಇತಿಹಾಸದಲ್ಲಿ ರಾಜರ ಆಳ್ವಿಕೆಯನ್ನು ಓದುವ ಹಾಗೆ ಕಲಾವಿದರ ವೃತ್ತಿಜೀವನವನ್ನೂ ಕ್ರಮವಾಗಿ ಓದಬಹುದು.

ನಾಲ್ಕು ಪ್ರಶ್ನೆಗಳು

ಯಾರದೇ ವೃತ್ತಿಜೀವನವನ್ನು ಓದುವಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ.

1. ಇವರು ಕೈಯಲ್ಲಿ ಹಿಡಿದ ಕಸುಬು ಯಾವುದು? ಅದನ್ನು ಯಾರ ಬಳಿ, ಎಲ್ಲಿ ಕಲಿತರು?
2. ಹೆಸರು ಬರುವ ಮೊದಲು ಎಷ್ಟು ವರ್ಷ, ಯಾರಿಗೆ ಸಹಾಯಕರಾಗಿ ದುಡಿದರು?
3. ಕಷ್ಟದ ಕಾಲದಲ್ಲಿ ನಿಲ್ಲಲು ಇನ್ನೊಂದು ನೆಲೆ ಏನಿತ್ತು?
4. ನಾಟಕದಿಂದ ಸಿನಿಮಾಕ್ಕೆ, ಸಿನಿಮಾದಿಂದ ಟಿ.ವಿ.ಗೆ ಹೋಗುವಾಗ ಜೊತೆಯಲ್ಲಿ ಏನನ್ನು ಒಯ್ದರು?

‘ಅದೃಷ್ಟ ಎಷ್ಟಿತ್ತು?’ ಎಂಬ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದೃಷ್ಟ ಇರುವುದಿಲ್ಲವೆಂದಲ್ಲ. ಅದನ್ನು ಓದಿ ಕಲಿಯಲು ಬರುವುದಿಲ್ಲ, ಅಷ್ಟೇ.

ನಮ್ಮ ಪಕ್ಕದ ಗುಬ್ಬಿಯಿಂದ ಆರಂಭ

ತುಮಕೂರಿನಿಂದ ಗುಬ್ಬಿ ಸುಮಾರು 20 ಕಿಲೋಮೀಟರ್. ನಿಮ್ಮಲ್ಲಿ ಕೆಲವರು ದಿನವೂ ಅಲ್ಲಿಂದಲೇ ಬಸ್ಸಿನಲ್ಲಿ ಬರುತ್ತೀರಿ. ಆ ಊರಿನಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿಯೇ ಗುಬ್ಬಿ ಕಂಪನಿ. ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದು ಇಡೀ ದಕ್ಷಿಣ ಭಾರತಕ್ಕೆ ಗೊತ್ತಿದ್ದ ಹೆಸರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು ಅವರು.

ಕಂಪನಿ ಎಂದರೆ ಆಗ ಊಟ, ವಸತಿ, ಸಂಬಳ, ಪಾಠ ಎಲ್ಲವೂ ಸೇರಿದ ಮನೆ. ಹುಡುಗರು ಮೊದಲು ಸಣ್ಣ ಪಾತ್ರ ಮಾಡುತ್ತಿದ್ದರು. ಪರದೆ ಎಳೆಯುವುದು, ಹಾಡು ಕಲಿಯುವುದು, ಮಾತು ಒಪ್ಪಿಸುವುದು ದಿನದ ಕೆಲಸ. ರಾಜಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಈ ಕಂಪನಿಯ ನಟರು. ರಾಜಕುಮಾರ್ ಕೂಡ ಹುಡುಗನಾಗಿ ಅಲ್ಲಿಯೇ ಬೆಳೆದರು. ತಿಪಟೂರಿನ ನರಸಿಂಹರಾಜು, ಮುಂದೆ ನಿರ್ದೇಶಕರಾದ ಜಿ.ವಿ. ಅಯ್ಯರ್ ಸಹ ಅಲ್ಲಿದ್ದವರು. ಈ ಮೂವರೂ 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿದ್ದಾರೆ. ಅದು ರಾಜಕುಮಾರ್ ನಾಯಕರಾದ ಮೊದಲ ಚಿತ್ರ. ಪ್ರೇಕ್ಷಕರಿಗೆ ಅವರು ಹೊಸಬರು. ಆದರೆ ರಂಗದ ಮೇಲೆ ಆಗಲೇ ಬಹಳ ವರ್ಷ ಪಳಗಿದ್ದರು.

ಆ ಚಿತ್ರದ ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಅವರನ್ನು ಹಿಂಬಾಲಿಸಿ ಹೋದರೆ ನಾವು ಮರೆತಿರುವ ಒಂದು ಹೆಸರು ಸಿಗುತ್ತದೆ: ಮಹಮದ್ ಪೀರ್. ಕನ್ನಡ ವೃತ್ತಿರಂಗಭೂಮಿಯ ದೊಡ್ಡ ನಟರಲ್ಲಿ ಒಬ್ಬರಾದ ಪೀರ್ ಅವರು ಚಂದ್ರಕಲಾ ನಾಟಕ ಮಂಡಳಿಯನ್ನು ಕಟ್ಟಿದವರು. ಸಿಂಹ ಅವರು ಬರೆದ ‘ಸಂಸಾರ ನೌಕೆ’ಯನ್ನು ಆಡಿದ್ದು ಆ ಮಂಡಳಿ. ಪುರಾಣದ ಕಥೆಗಳೇ ತುಂಬಿದ್ದ ಕಾಲದಲ್ಲಿ ಅದು ಸಾಮಾನ್ಯ ಸಂಸಾರದ ಕಥೆ. 1936ರಲ್ಲಿ ಸಿಂಹ ಅವರ ನಿರ್ದೇಶನದಲ್ಲೇ ಅದು ಚಲನಚಿತ್ರವಾಯಿತು, ಬಿ.ಆರ್. ಪಂತುಲು ನಾಯಕರು. ‘ಅದೆಲ್ಲ ನಮ್ಮಂಥವರಿಗಲ್ಲ’ ಎನ್ನುವ ಮೊದಲು ಪೀರ್ ಅವರ ಹೆಸರನ್ನು ಒಮ್ಮೆ ನೆನೆಯಬೇಕು. ಕನ್ನಡ ರಂಗಭೂಮಿಯ ಅಡಿಪಾಯದಲ್ಲಿ ನಮ್ಮವರ ಕಲ್ಲೂ ಇದೆ.

ಮೊದಲ ಬದುಕು: ಬಿ.ವಿ. ಕಾರಂತ

ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಬಡ ಮನೆಯ ಹುಡುಗ. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ‘ಓದು ಬಿಟ್ಟು ಓಡಿಹೋದರೂ ದೊಡ್ಡವರಾದರು’ ಎಂದು ಕಥೆಯನ್ನು ಇಲ್ಲಿಗೇ ನಿಲ್ಲಿಸುವವರಿದ್ದಾರೆ. ಮುಂದಿನ ಪುಟ ಓದಿ. ಹುಡುಗನಲ್ಲಿ ಕಲಿಯುವ ಹಸಿವನ್ನು ಕಂಡ ವೀರಣ್ಣನವರು ಅವರನ್ನು ಕಾಶಿಗೆ ಕಳಿಸಿ ಓದಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಾರಂತರು ಹಿಂದಿ ಎಂ.ಎ. ಮಾಡಿದರು. ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. 1962ರಲ್ಲಿ ಅಲ್ಲಿಂದ ಹೊರಬಂದರು.

ಹೊರಬಂದ ಕೂಡಲೇ ಕೀರ್ತಿ ಕಾದಿರಲಿಲ್ಲ. ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಡುವ ಮೇಷ್ಟ್ರಾಗಿದ್ದರು. ನಂತರ ಗಿರೀಶ ಕಾರ್ನಾಡರೊಡನೆ ‘ವಂಶವೃಕ್ಷ’ (1971) ನಿರ್ದೇಶಿಸಿದರು. ಅವರು ನಿರ್ದೇಶಿಸಿದ ‘ಚೋಮನ ದುಡಿ’ (1975) ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. 1977ರಲ್ಲಿ ತಾವು ಓದಿದ ನಾಟಕ ಶಾಲೆಗೇ ನಿರ್ದೇಶಕರಾದರು. ಬಳಿಕ ಭೋಪಾಲದ ಭಾರತ ಭವನದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ.

ಈಗ ನಮ್ಮ ನಾಲ್ಕು ಪ್ರಶ್ನೆ. ಕಸುಬು: ರಂಗಸಂಗೀತ ಮತ್ತು ನಿರ್ದೇಶನ. ಗುರುಗಳು: ವೀರಣ್ಣ, ಠಾಕೂರ್, ನಾಟಕ ಶಾಲೆ. ಇನ್ನೊಂದು ನೆಲೆ: ಪದವಿ ಮತ್ತು ಮೇಷ್ಟ್ರ ಕೆಲಸ. ಜೊತೆಯಲ್ಲಿ ಒಯ್ದದ್ದು: ಸಂಗೀತ, ಮತ್ತು ಹಿಂದಿ ಭಾಷೆ. ಆ ಹಿಂದಿ ಇಲ್ಲದಿದ್ದರೆ ಬಂಟ್ವಾಳದ ಹುಡುಗ ದೆಹಲಿ, ಭೋಪಾಲಗಳಲ್ಲಿ ಆ ಮಟ್ಟದ ಕೆಲಸ ಮಾಡುವುದು ಕಷ್ಟವಿತ್ತು.

ಇದನ್ನು ನಿಮಗೆ ಬಿಡಿಸಿ ಹೇಳಲು ಕಾರಣವಿದೆ. ನಿಮ್ಮಲ್ಲಿ ಹೆಚ್ಚಿನವರು ಮನೆಯಲ್ಲಿ ದಖನಿ ಉರ್ದು ಆಡುತ್ತೀರಿ, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್, ಟಿ.ವಿ.ಯಲ್ಲಿ ಹಿಂದಿ. ಇದನ್ನು ಕೊರತೆ ಎಂದು ತಿಳಿದವರೇ ಹೆಚ್ಚು. ಈಗ ಬೇರೆ ಭಾಷೆಯ ಚಿತ್ರ, ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗುತ್ತಿವೆ. ಕನ್ನಡದವು ಹಿಂದಿಗೆ ಹೋಗುತ್ತಿವೆ. ಸಂಭಾಷಣೆ ಅನುವಾದಿಸಲು, ಸಬ್‌ಟೈಟಲ್ ಬರೆಯಲು, ಕಂಠದಾನ ಮಾಡಲು ಎರಡು ಭಾಷೆಯನ್ನು ಶುದ್ಧವಾಗಿ ಬಲ್ಲವರು ಬೇಕು. ‘ಶುದ್ಧವಾಗಿ’ ಎಂಬುದಕ್ಕೆ ಗೆರೆ ಎಳೆಯಿರಿ. ಅರ್ಧ ಕನ್ನಡ, ಅರ್ಧ ಉರ್ದು ಕೂಡಿದರೆ ಒಂದು ಭಾಷೆ ಆಗುವುದಿಲ್ಲ.

ಎರಡನೆಯ ಬದುಕು: ವಿ.ಕೆ. ಮೂರ್ತಿ

ಮೈಸೂರಿನವರು. ಪಿಟೀಲು ಕಲಿತಿದ್ದರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮಾಡಿ 1946ರಲ್ಲಿ ಮುಗಿಸಿದರು. ಮುಂಬೈಗೆ ಹೋಗಿ ಹಲವು ವರ್ಷ ಸಹಾಯಕ ಛಾಯಾಗ್ರಾಹಕರಾಗಿ ದುಡಿದರು. 1951ರಲ್ಲಿ ಗುರುದತ್ ತಮ್ಮ ಮೊದಲ ಚಿತ್ರ ‘ಬಾಝಿ’ ಮಾಡುತ್ತಿದ್ದಾಗಲೂ ಮೂರ್ತಿ ಸಹಾಯಕರೇ. ಒಂದು ಕಷ್ಟದ ಶಾಟನ್ನು ಹೀಗೆ ತೆಗೆಯಬಹುದೆಂದು ಅವರು ಸೂಚಿಸಿ, ತೆಗೆದೂ ತೋರಿಸಿದರು. ಮುಂದಿನ ಚಿತ್ರ ‘ಜಾಲ್’ಗೆ (1952) ಗುರುದತ್ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಆಮೇಲೆ ‘ಪ್ಯಾಸಾ’ (1957), ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ (1959), ‘ಸಾಹಿಬ್ ಬೀಬಿ ಔರ್ ಗುಲಾಮ್’ (1962).

ವಿಜ್ಞಾನ ವಿಭಾಗದವರು ಒಂದು ಸಂಗತಿ ಗಮನಿಸಿ. ‘ಕಾಗಜ್ ಕೆ ಫೂಲ್’ನಲ್ಲಿ ಕತ್ತಲ ಸ್ಟುಡಿಯೋ ಒಳಗೆ ಮೇಲಿನಿಂದ ಒಂದು ದೊಡ್ಡ ಬೆಳಕಿನ ಕಂಬ ಇಳಿದು ಬರುವ ದೃಶ್ಯವಿದೆ. ಸ್ಟುಡಿಯೋ ದೀಪಗಳಿಂದ ಅಂಥ ನೇರವಾದ ಕಿರಣ ಸಿಗುವುದು ಕಷ್ಟ; ಹತ್ತಿರದ ದೀಪದ ಬೆಳಕು ಹರಡಿಕೊಳ್ಳುತ್ತದೆ. ಸೂರ್ಯ ಬಹಳ ದೂರದಲ್ಲಿರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ. ಮೂರ್ತಿಯವರು ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಒಳಕ್ಕೆ ತಿರುಗಿಸಿದರು. ನೀವು ಅಂಕಕ್ಕಾಗಿ ಓದುವ ಪ್ರತಿಫಲನದ ನಿಯಮವೇ ಅದು. ಚಿತ್ರ ಆಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಆ ಬೆಳಕಿನ ಬಗ್ಗೆ ಜನ ಇಂದಿಗೂ ಮಾತಾಡುತ್ತಾರೆ. ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಚಿತ್ರ ಸೋತರೂ ಕಸುಬು ಸೋಲಬೇಕಾಗಿಲ್ಲ.

ಗುರುದತ್ 1964ರಲ್ಲಿ ತೀರಿಕೊಂಡರು. ಒಬ್ಬ ನಿರ್ದೇಶಕನನ್ನೇ ನಂಬಿದವರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1988ರಲ್ಲಿ ದೂರದರ್ಶನದಲ್ಲಿ ಬಂದ ಶ್ಯಾಮ್ ಬೆನೆಗಲ್ ಅವರ ‘ಭಾರತ್ ಏಕ್ ಖೋಜ್’ಗೆ ಮೂರ್ತಿ ಕ್ಯಾಮೆರಾ ಹಿಡಿದರು. ಗೋವಿಂದ ನಿಹಲಾನಿಯವರ ‘ತಮಸ್’ಗೂ ಕೆಲಸ ಮಾಡಿದರು. ಈ ನಿಹಲಾನಿ ಅದೇ ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಓದಿ, ಮೂರ್ತಿಯವರ ಬಳಿ ಸಹಾಯಕರಾಗಿದ್ದವರು. ಹೀಗೆ ಗುರು ವಯಸ್ಸಾದ ಮೇಲೆ ಶಿಷ್ಯನ ಚಿತ್ರದಲ್ಲಿ ದುಡಿದರು. ಅದರಲ್ಲಿ ಸಂಕೋಚವೇನೂ ಇರಲಿಲ್ಲ. ಕನ್ನಡದಲ್ಲಿ ‘ಹೂವು ಹಣ್ಣು’ (1993) ಚಿತ್ರವನ್ನೂ ಅವರು ಸೆರೆಹಿಡಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ.

ಮೂರನೆಯ ಬದುಕು: ಉಮಾಶ್ರೀ

ಇವರು ನಮ್ಮ ಜಿಲ್ಲೆಯವರೇ. ತಿಪಟೂರು ತಾಲ್ಲೂಕಿನ ನೊಣವಿನಕೆರೆ. ನಾಟಕ ಶಾಲೆಯ ಪ್ರಮಾಣಪತ್ರ ಇರಲಿಲ್ಲ. ರಂಗಭೂಮಿಯೇ ಶಾಲೆ. ದೇವನೂರ ಮಹಾದೇವ ಅವರ ‘ಒಡಲಾಳ’ ನಾಟಕವಾದಾಗ ಸಾಕವ್ವನ ಪಾತ್ರ ಮಾಡಿ ಹೆಸರಾದರು. ಸಿನಿಮಾ ಅವರಿಗೆ ಬಹಳ ಕಾಲ ಕೊಟ್ಟದ್ದು ಹಾಸ್ಯ ಪಾತ್ರಗಳನ್ನು. ಅವನ್ನು ಕೀಳೆಂದು ಬಿಡದೆ ಮಾಡಿಕೊಂಡೇ ಬಂದರು. ‘ಗುಲಾಬಿ ಟಾಕೀಸು’ (2008) ಚಿತ್ರದಲ್ಲಿ ಕರಾವಳಿಯ ಮುಸ್ಲಿಂ ಸೂಲಗಿತ್ತಿ ಗುಲಾಬಿಯಾದಾಗ ರಾಷ್ಟ್ರದ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. 2013ರಿಂದ 2018ರವರೆಗೆ ರಾಜ್ಯದಲ್ಲಿ ಸಚಿವೆ. ಅದರ ನಂತರ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನಾಗಿ ನಿಮ್ಮ ಮನೆಯ ಟಿ.ವಿ.ಗೇ ಬಂದರು. ಸಾಕವ್ವನಿಂದ ಪುಟ್ಟಕ್ಕನವರೆಗೆ ಅವರು ಜೊತೆಯಲ್ಲಿ ಒಯ್ದದ್ದು ಹಳ್ಳಿಯ ಹೆಂಗಸರ ಮಾತು, ನಡಿಗೆ ಮತ್ತು ಗಟ್ಟಿತನ. ಮಾಧ್ಯಮ ಮೂರು, ಕಸುಬು ಒಂದೇ.

‘ಗುಲಾಬಿ ಟಾಕೀಸು’ ನಿರ್ದೇಶಿಸಿದ ಗಿರೀಶ ಕಾಸರವಳ್ಳಿಯವರು ಮೊದಲು ಓದಿದ್ದು ಮಣಿಪಾಲದಲ್ಲಿ ಬಿ.ಫಾರ್ಮಾ. ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್. ಅವರ ನಾಲ್ಕು ಚಿತ್ರಗಳಿಗೆ ಸ್ವರ್ಣಕಮಲ ಬಂದಿದೆ. ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಅವರ ಕಥೆಯಿಂದ ಅವರು ‘ಹಸೀನಾ’ (2004) ಮಾಡಿದರು. ಅದರ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಸಿಕ್ಕಿದ್ದು ನಿಮಗೆ ಗೊತ್ತು. ಒಂದು ಚಿತ್ರದ ಬೇರು ಕೆಲವೊಮ್ಮೆ ಹೀಗೆ ಒಬ್ಬಾಕೆಯ ಬರವಣಿಗೆಯ ಮೇಜಿನಲ್ಲಿರುತ್ತದೆ.

ನಾಲ್ಕನೆಯ ಬದುಕು: ರಸೂಲ್ ಪೂಕುಟ್ಟಿ

ಕೇರಳದ ಕೊಲ್ಲಂ ಜಿಲ್ಲೆಯ ವಿಳಕ್ಕುಪಾರ ಎಂಬ ಹಳ್ಳಿ. ತಂದೆ ಖಾಸಗಿ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಊರಿಗೆ ವಿದ್ಯುತ್ ಇರಲಿಲ್ಲ. ಸೀಮೆಎಣ್ಣೆ ದೀಪದಲ್ಲಿ ಓದಿದರು. ಕಾಯಂಕುಳಂನ ಎಂ.ಎಸ್.ಎಂ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. ಅದರ ಪೂರ್ಣ ಹೆಸರು ಮಿಲಾದ್-ಎ-ಶರೀಫ್ ಸ್ಮಾರಕ ಕಾಲೇಜು. ಅಂದರೆ ನಮ್ಮಂಥದೇ ಒಂದು ಸಂಸ್ಥೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಶಬ್ದಗ್ರಹಣ ಕಲಿತು 1995ರಲ್ಲಿ ಹೊರಬಂದರು. 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದ ಶಬ್ದ ಮಿಶ್ರಣಕ್ಕೆ ಇನ್ನಿಬ್ಬರೊಡನೆ ಆಸ್ಕರ್ ಪಡೆದರು. ನಡುವೆ ಇರುವ ಹದಿನಾಲ್ಕು ವರ್ಷವನ್ನು ಲೆಕ್ಕ ಹಾಕಿ. ಆ ವರ್ಷಗಳಲ್ಲಿ ಅವರ ಮುಖ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾಗಿಯೂ ಇರಲಿಲ್ಲ, ಶಬ್ದಗ್ರಾಹಕನ ಕೆಲಸ ಕಿವಿಗೆ ಸೇರಿದ್ದು.

ದುಡ್ಡಿನ ಮಾತು

ಈಗ ಹಿರಿಯರು ಕೇಳುವ ಪ್ರಶ್ನೆಗೆ ಬರೋಣ. ಹೊಟ್ಟೆ ತುಂಬುತ್ತದೆಯೇ?

ಈ ಕ್ಷೇತ್ರದಲ್ಲಿ ತಿಂಗಳ ಸಂಬಳ ಇರುವ ಕೆಲಸ ಕಡಿಮೆ. ರಂಗಾಯಣದಂಥ ರೆಪರ್ಟರಿ, ಟಿ.ವಿ. ವಾಹಿನಿಯ ಕಚೇರಿ, ಎಡಿಟಿಂಗ್ ಸ್ಟುಡಿಯೋ, ಶಾಲೆಯ ನಾಟಕದ ಮೇಷ್ಟ್ರ ಹುದ್ದೆ, ಇಂಥ ಕಡೆ ಮಾತ್ರ. ಉಳಿದವರಿಗೆ ಕೆಲಸ ಮಾಡಿದ ದಿನಕ್ಕೆ ಹಣ, ಇಲ್ಲವೇ ಒಂದು ಚಿತ್ರಕ್ಕೆ ಇಷ್ಟು ಎಂದು ಒಪ್ಪಂದ. ಧಾರಾವಾಹಿ ಓಡುವಷ್ಟು ದಿನ ಕೈಯಲ್ಲಿ ಕಾಸು, ಟಿ.ಆರ್.ಪಿ. ಬಿದ್ದು ಧಾರಾವಾಹಿ ನಿಂತರೆ ಮುಂದಿನ ಕೆಲಸದವರೆಗೆ ಉಳಿತಾಯವೇ ಆಧಾರ. ಮುಂಜಾನೆ ಹೋದವರು ರಾತ್ರಿ ಬರುವುದು ಸಾಮಾನ್ಯ. ಸಹಾಯಕರಿಗೆ ಮೊದಲ ವರ್ಷಗಳಲ್ಲಿ ಸಿಗುವುದು ಬಹಳ ಕಡಿಮೆ. ಅದೂ ತಡವಾಗಿ ಸಿಗಬಹುದು. ಇದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸುವುದು ನನ್ನ ಕೆಲಸವಲ್ಲ.

ಕಾನೂನು ಇಲ್ಲವೇ? ಇದೆ. 1981ರಲ್ಲೇ ಕೇಂದ್ರ ಸರ್ಕಾರ ಸಿನಿಮಾ ಕಾರ್ಮಿಕರಿಗಾಗಿ ಕಾಯ್ದೆ ಮಾಡಿ, ಲಿಖಿತ ಒಪ್ಪಂದ ಇರಬೇಕೆಂದು ಹೇಳಿತು. 2024ರಲ್ಲಿ ಕರ್ನಾಟಕವೂ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕಾಗಿ ಒಂದು ಕಾಯ್ದೆ ತಂದಿತು. ಕಾನೂನು ಇರುವುದು ಕೇಳುವವರಿಗಾಗಿ. ಕಾಮರ್ಸ್ ವಿಭಾಗದವರು ಕರಾರಿನ ಪಾಠ ಓದಿದ್ದೀರಿ: ಎಷ್ಟು ಹಣ, ಯಾವಾಗ, ಎಷ್ಟು ದಿನದ ಕೆಲಸ, ಹೆಸರು ಎಲ್ಲಿ ಬರುತ್ತದೆ. ಈ ನಾಲ್ಕು ಬರವಣಿಗೆಯಲ್ಲಿಲ್ಲದ ಮಾತನ್ನು ಮಾತೆಂದು ತಿಳಿಯಬೇಡಿ.

ಇಲ್ಲೊಂದು ಎಚ್ಚರಿಕೆ. ಎರಡು ವರ್ಷದ ಹಿಂದೆ ನಮ್ಮ ದ್ವಿತೀಯ ಪಿಯುಸಿ ವಿದ್ಯಾರ್ಥಿಯೊಬ್ಬನಿಗೆ ಬೆಂಗಳೂರಿನ ಒಂದು ಕಚೇರಿಯಿಂದ ಕರೆ ಬಂತು. ಧಾರಾವಾಹಿಯಲ್ಲಿ ಪಾತ್ರ ಸಿಕ್ಕಿದೆ, ಫೋಟೊ ಮತ್ತು ನೋಂದಣಿಗೆ ಹದಿನೈದು ಸಾವಿರ ಕಟ್ಟಬೇಕು ಎಂದರು. ಹುಡುಗ ಅಮ್ಮಿಯ ಕಿವಿಯೋಲೆ ಗಿರವಿ ಇಡಲು ಹೊರಟಿದ್ದ. ಹೊರಡುವ ಮೊದಲು ನನ್ನ ಬಳಿ ಬಂದದ್ದು ಒಳ್ಳೆಯದಾಯಿತು. ಇಬ್ಬರೂ ಕೂತು ಆ ನಂಬರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿದೆವು: ಧಾರಾವಾಹಿಯ ಹೆಸರೇನು, ನಿರ್ದೇಶಕರು ಯಾರು, ವಾಹಿನಿ ಯಾವುದು? ಮೂರಕ್ಕೂ ಉತ್ತರವಿಲ್ಲ, ಕೊನೆಗೆ ಫೋನೇ ಎತ್ತಲಿಲ್ಲ. ಓಲೆ ಮನೆಯಲ್ಲೇ ಉಳಿಯಿತು.

ಈ ನಿಯಮವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ: ಕೆಲಸ ಕೊಡುವವರು ಹಣ ಕೊಡುತ್ತಾರೆ, ಹಣ ಕೇಳುವುದಿಲ್ಲ. ಶುಲ್ಕ ತೆಗೆದುಕೊಳ್ಳುವುದು ಶಾಲೆ. ಶಾಲೆಯಾದರೆ ರಸೀದಿ, ಪಠ್ಯಕ್ರಮ, ಹಳೆಯ ವಿದ್ಯಾರ್ಥಿಗಳು ಇರುತ್ತಾರೆ. ಹೆಣ್ಣುಮಕ್ಕಳಿಗೆ ಇನ್ನೂ ಒಂದು ಮಾತು: ‘ಆಡಿಷನ್’ ಎಂದು ಹೋಟೆಲ್ ಕೋಣೆಗೆ, ಹೊತ್ತಲ್ಲದ ಹೊತ್ತಿಗೆ ಕರೆದರೆ ಹೋಗಬೇಡಿ; ಮನೆಯವರನ್ನು ಜೊತೆಗೆ ಕರೆತರುತ್ತೇನೆ ಎನ್ನಿ. ಕರೆದವರು ಸರಿಯಾದವರಾದರೆ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಕಲಿಯುವ ಜಾಗಗಳು

ಪಿಯುಸಿ ಮುಗಿಸಿದವರಿಗೆ ಹತ್ತಿರದಲ್ಲೇ ದಾರಿಗಳಿವೆ. ವಿ.ಕೆ. ಮೂರ್ತಿ ಓದಿದ ಪಾಲಿಟೆಕ್ನಿಕ್‌ನ ಛಾಯಾಗ್ರಹಣ ಮತ್ತು ಶಬ್ದಗ್ರಹಣ ಶಿಕ್ಷಣ ಇಂದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ನಡೆಯುತ್ತಿದೆ. ನಾಟಕಕ್ಕೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ. ಕೆ.ವಿ. ಸುಬ್ಬಣ್ಣನವರು ಕಟ್ಟಿದ ಈ ಸಂಸ್ಥೆಯ ರಂಗಶಿಕ್ಷಣ ಕೇಂದ್ರ 1980ರಲ್ಲಿ ಆರಂಭವಾಯಿತು. ನೀವು ತೆರೆಯ ಮೇಲೆ ನೋಡುವ ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅಲ್ಲಿ ಕಲಿತವರು. ರಂಗಾಯಣ ಮೈಸೂರಿನ ಜೊತೆಗೆ ಶಿವಮೊಗ್ಗ, ಧಾರವಾಡ, ಕಲಬುರಗಿಗಳಲ್ಲಿದೆ.

ಪದವಿ ಮುಗಿಸಿದವರಿಗೆ ದಾರಿ ಇನ್ನೂ ಅಗಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಮೂರು ವರ್ಷದ ಶಿಕ್ಷಣ. ಪದವಿಯ ಜೊತೆಗೆ ಕೆಲವು ನಾಟಕಗಳಲ್ಲಿ ದುಡಿದ ಅನುಭವವನ್ನೂ ಕೇಳುತ್ತಾರೆ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅಲ್ಲಿ ಇಬ್ರಾಹಿಂ ಅಲ್ಕಾಝಿಯವರ ಶಿಷ್ಯೆಯಾಗಿದ್ದರು. ಪುಣೆಯಲ್ಲಿ ಜನಿಸಿದ, ಅರಬ್ ಮೂಲದ ಕುಟುಂಬದ ಅಲ್ಕಾಝಿ 1962ರಿಂದ 1977ರವರೆಗೆ ಆ ಶಾಲೆಯನ್ನು ನಡೆಸಿದರು. ನಾಸಿರುದ್ದೀನ್ ಶಾ, ಓಂ ಪುರಿ ಅವರ ಕೈಯಲ್ಲಿ ಪಳಗಿದವರು. ಸಿನಿಮಾಕ್ಕೆ ಪುಣೆ ಮತ್ತು ಕೋಲ್ಕತ್ತದ ಸರ್ಕಾರಿ ಸಂಸ್ಥೆಗಳಿವೆ. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ 1982ರಿಂದ ಸಮೂಹ ಸಂವಹನ ಕೇಂದ್ರವಿದೆ. ನಿರ್ದೇಶಕ ಕಬೀರ್ ಖಾನ್ ಅಲ್ಲಿ ಓದಿದವರು. ಪ್ರವೇಶದ ಅರ್ಹತೆ, ವಯಸ್ಸು, ಶುಲ್ಕಗಳು ಬದಲಾಗುತ್ತಿರುತ್ತವೆ. ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು, ಗೆಳೆಯನ ಮಾತನ್ನಲ್ಲ.

ಒಟ್ಟಿನಲ್ಲಿ ಪದವಿ ಈ ದಾರಿಗೆ ಅಡ್ಡಿಯಲ್ಲ, ದೊಡ್ಡ ಬಾಗಿಲುಗಳ ಕೀಲಿಕೈ. ಪಿಯುಸಿ ಬಿಟ್ಟು ಗಾಂಧಿನಗರಕ್ಕೆ ಹೋಗುತ್ತೇನೆ ಎನ್ನುವವನು ಆ ಕೀಲಿಕೈಯನ್ನು ಬಸ್ ಸ್ಟ್ಯಾಂಡಿನಲ್ಲೇ ಎಸೆದು ಹೋಗುತ್ತಾನೆ.

ಮನೆಯಲ್ಲಿ ಮಾತಾಡುವುದು ಹೇಗೆ?

ಮನೆಯ ಆಕ್ಷೇಪಗಳಲ್ಲಿ ಮೂರು ಬಗೆ. ಹೊಟ್ಟೆಪಾಡಿನ ಆತಂಕ, ಸುರಕ್ಷತೆಯ ಆತಂಕ, ದೀನ್ ಮತ್ತು ಮರ್ಯಾದೆಯ ಪ್ರಶ್ನೆ. ಮೊದಲ ಎರಡಕ್ಕೆ ಮೇಲೆ ಹೇಳಿದ ವಿಷಯಗಳನ್ನು ಹಿಡಿದು ಅಬ್ಬಾ, ಅಮ್ಮಿಯ ಮುಂದೆ ಕೂತು ಮಾತಾಡಬಹುದು. ಮೂರನೆಯದಕ್ಕೆ ಕಾಲೇಜಿನ ಮೇಷ್ಟ್ರು ಪತ್ರಿಕೆಯಲ್ಲಿ ತೀರ್ಪು ಕೊಡಲಾಗದು. ಅದು ನೀವು, ನಿಮ್ಮ ಮನೆಯವರು, ನೀವು ಗೌರವಿಸುವ ಹಿರಿಯರು ಕೂತು ಯೋಚಿಸುವ ವಿಷಯ. ನಾನು ಹೇಳಬಹುದಾದದ್ದು ಒಂದೇ. ಈ ಕ್ಷೇತ್ರವೆಂದರೆ ಬರಿಯ ನಟನೆಯಲ್ಲ. ಬರವಣಿಗೆ, ಶಬ್ದ, ಸಂಕಲನ, ಬೆಳಕು, ರಂಗಸಜ್ಜಿಕೆ, ವಸ್ತ್ರವಿನ್ಯಾಸ, ಅನುವಾದ, ಸಾಕ್ಷ್ಯಚಿತ್ರ, ಲೆಕ್ಕಪತ್ರ, ನಿರ್ಮಾಣ ನಿರ್ವಹಣೆ, ಇಷ್ಟೆಲ್ಲ ಇದೆ. ಯಾವ ಕೆಲಸ ಮಾಡುತ್ತೇನೆ, ಯಾವುದನ್ನು ಮಾಡುವುದಿಲ್ಲ ಎಂದು ಒಳಗೆ ಹೋಗುವ ಮೊದಲೇ ತೀರ್ಮಾನಿಸಿದವರಿಗೆ ಒಳಗೆ ಹೋದ ಮೇಲೆ ‘ಇಲ್ಲ’ ಎನ್ನುವುದು ಸುಲಭ. ಕೈಯಲ್ಲಿ ಗಟ್ಟಿ ಕಸುಬಿರುವವರ ‘ಇಲ್ಲ’ಕ್ಕೆ ಜನ ಬೆಲೆ ಕೊಡುತ್ತಾರೆ.

ಪೋಷಕರಲ್ಲೂ ಒಂದು ವಿನಂತಿ. ಮಗನೋ ಮಗಳೋ ಈ ಆಸೆ ಹೇಳಿದರೆ ಬೈದು ಕಳಿಸಬೇಡಿ. ಬೈಗುಳ ತಿಂದ ಮಗು ಮುಂದಿನ ಸಲ ನಿಮಗೆ ಹೇಳುವುದಿಲ್ಲ. ಹಣ ಕೇಳುವ ಆ ಕಚೇರಿಯವರಿಗೆ ಹೇಳುತ್ತದೆ.

ಅಭ್ಯಾಸ

1. ನಿಮಗಿಷ್ಟವಾದ ಒಂದು ಕನ್ನಡ ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳನ್ನು ಪೂರ್ತಿ ಓದಿ. ನಟರಲ್ಲದ ಹತ್ತು ಕೆಲಸಗಳನ್ನು ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ನಿಮ್ಮ ಈಗಿನ ಯಾವ ವಿಷಯ ಉಪಯೋಗಕ್ಕೆ ಬರುತ್ತದೆಂದು ಬರೆಯಿರಿ.
2. ಈ ಲೇಖನದ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಹೇಳಿಲ್ಲದ ಒಬ್ಬ ಕಲಾವಿದರಿಗೆ ಅನ್ವಯಿಸಿ, ಒಂದು ಪುಟದ ಟಿಪ್ಪಣಿ ಬರೆಯಿರಿ. ಶಂಕರ್ ನಾಗ್, ಎಂ.ಎಸ್. ಸತ್ಯು, ಪ್ರೇಮಾ ಕಾರಂತ ಒಳ್ಳೆಯ ಆಯ್ಕೆಗಳು.
3. ಗುಬ್ಬಿ, ತಿಪಟೂರು ಕಡೆಯವರು ನಿಮ್ಮ ಊರಿನ ಹಿರಿಯರನ್ನು ಕೇಳಿ: ಕಂಪನಿ ನಾಟಕ ನೋಡಿದ ನೆನಪಿದೆಯೇ? ಅವರ ಮಾತಿನಲ್ಲೇ ಬರೆದುಕೊಳ್ಳಿ.
4. ಕಾಲೇಜು ದಿನಾಚರಣೆಯ ನಾಟಕಕ್ಕೆ ಈ ಬಾರಿ ನಟರು ಆಗಲೇ ಸಿಕ್ಕಿದ್ದಾರೆ. ಬೆಳಕು, ಧ್ವನಿ, ಪರದೆ ಮತ್ತು ಮಾತು ನೆನಪಿಸುವ ಕೆಲಸಕ್ಕೆ ಇನ್ನೂ ಆರು ಮಂದಿ ಬೇಕು. ಯಾವ ವಿಭಾಗದವರಾದರೂ ಸರಿ.

ಉತ್ತರಗಳನ್ನು ಈ ತಿಂಗಳ ಕೊನೆಯೊಳಗೆ ಕನ್ನಡ ವಿಭಾಗದಲ್ಲಿ ಕೊಡಿ. ಒಳ್ಳೆಯ ಮೂರು ಟಿಪ್ಪಣಿಗಳು ಮುಂದಿನ ಸಂಚಿಕೆಯಲ್ಲಿ ನಿಮ್ಮ ಹೆಸರಿನೊಂದಿಗೆ ಅಚ್ಚಾಗುತ್ತವೆ.